ತನ್ನ ದೋಷವನ್ನು ತಾನೇ ಅರುಹುವ ಯಂತ್ರ: ವಿ.ಟಿ. ೧೦೦ ಟರ್ಮಿನಲ್ಲಿನ ವಿವರಣೆ

ಕಂಪ್ಯೂಟರೆಂದರೆ ತೆರೆಯೂ ಕೀಲಿಮಣೆಯೂ ಲೆಕ್ಕಮಾಡುವ ಯಂತ್ರವೂ ಒಂದಾಗಿ ಕೂಡಿರುವ ಒಂದು ಸಣ್ಣ ವಸ್ತುವೆಂದು ಈ ಕಾಲದ ವಿದ್ಯಾರ್ಥಿನಿಯರು ಭಾವಿಸುವುದು ಸಹಜವೇ ಸರಿ. ಅರ್ಧ ಶತಮಾನದ ಹಿಂದೆ ಸ್ಥಿತಿಯು ಹಾಗಿರಲಿಲ್ಲ. ಲೆಕ್ಕಮಾಡುವ ಯಂತ್ರವು ತಂಪಾದ ಒಂದು ಕೋಣೆಯಲ್ಲಿ ಇರುತ್ತಿತ್ತು. ಅದರಿಂದ ಕೆಲಸ ತೆಗೆದುಕೊಳ್ಳುವವರು ಬೇರೊಂದು ಕೋಣೆಯಲ್ಲಿ, ಕೆಲವು ವೇಳೆ ಬೇರೊಂದು ಊರಿನಲ್ಲಿಯೇ, ಕುಳಿತಿರುತ್ತಿದ್ದರು. ನಡುವೆ ಒಂದು ತಂತಿ. ಆ ತಂತಿಯ ಈಚೆಯ ತುದಿಯಲ್ಲಿದ್ದ ಉಪಕರಣಕ್ಕೆ ಟರ್ಮಿನಲ್ ಎಂದು ಹೆಸರು. ಅದು ತಾನಾಗಿ ಯಾವ ಲೆಕ್ಕವನ್ನೂ ಮಾಡುತ್ತಿರಲಿಲ್ಲ. ಒತ್ತಿದ ಅಕ್ಷರವನ್ನು ಆಚೆಗೆ ಕಳುಹಿಸುವುದೂ ಆಚೆಯಿಂದ ಬಂದ ಅಕ್ಷರವನ್ನು ತೋರಿಸುವುದೂ, ಇವೆರಡೇ ಅದರ ಉದ್ಯೋಗ.

ಇಂಥ ಟರ್ಮಿನಲ್ಲುಗಳಲ್ಲಿ ಅತ್ಯಂತ ಪ್ರಖ್ಯಾತವಾದ ಒಂದನ್ನು ನಾವು ಈ ಪಾಠಕ್ಕೆ ಆರಿಸಿಕೊಂಡಿರುವೆವು. ಅಮೇರಿಕಾ ದೇಶದ ಮ್ಯಾಸಚುಸೆಟ್ಸ್ ಸಂಸ್ಥಾನದ ಮೇನಾರ್ಡ್ ಎಂಬ ಊರಿನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪೆನಿಯು ೧೯೫೭ರಲ್ಲಿ ಸ್ಥಾಪಿತವಾಯಿತು. ಅದು ೧೯೭೮ನೆಯ ಇಸವಿಯಲ್ಲಿ ಹೊರತಂದ ಯಂತ್ರಕ್ಕೆ ವಿ.ಟಿ. ೧೦೦ ಎಂದು ಹೆಸರಿಟ್ಟರು. ಕಂಪೆನಿಯು ೧೯೯೮ರಲ್ಲಿ ಕಾಂಪ್ಯಾಕ್ ಎಂಬ ಮತ್ತೊಂದು ಕಂಪೆನಿಯೊಳಗೆ ಲೀನವಾಗಿ ಹೋಯಿತು. ಯಂತ್ರದ ಹೆಸರಾದರೋ ಇನ್ನೂ ಉಳಿದುಕೊಂಡಿದೆ. ಅದರ ಗುಣಗಳು ಅನೇಕ. ಅವುಗಳೊಳಗೆ ಒಂದನ್ನು ನಾವು ವಿಶೇಷವಾಗಿ ವಿಚಾರಿಸಲಿರುವೆವು. ಏನಂದರೆ, ಈ ಯಂತ್ರವು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲಿ ಕೆಟ್ಟಿರುವುದೋ ಅದನ್ನು ನೋಡುವವರಿಗೆ ತಿಳಿಸುವುದು.

ಮೊದಲು ಇದಕ್ಕಿಂತ ಹಿಂದಿನ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ೧೯೬೩ರಲ್ಲಿ ಹೊರಬಂದ ಟೆಲಿಟೈಪ್ ಮಾಡೆಲ್ ೩೩ ಎಂಬ ಯಂತ್ರಕ್ಕೆ ತೆರೆಯೇ ಇರಲಿಲ್ಲ. ಅದು ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ ೧೦ ಅಕ್ಷರಗಳಂತೆ ಟಕಟಕನೆ ಮುದ್ರಿಸುತ್ತಿತ್ತು. ಆ ಬಳಿಕ ಗಾಜಿನ ಚಿತ್ರನಳಿಗೆಯುಳ್ಳ ಟರ್ಮಿನಲ್ಲುಗಳು ಬಂದವು. ಇದೇ ಕಂಪೆನಿಯು ೧೯೭೦ರಲ್ಲಿ ಮಾಡಿದ ವಿ.ಟಿ. ೦೫ ಎಂಬುದು ೭೨ ಅಕ್ಷರಗಳ ೨೦ ಸಾಲುಗಳನ್ನು ತೋರಿಸುತ್ತಿತ್ತು. ೧೯೭೫ರ ವಿ.ಟಿ. ೫೨ ಎಂಬುದರಲ್ಲಿ ೮೦ ಅಕ್ಷರಗಳ ೨೪ ಸಾಲುಗಳು ಬಂದವು. ವಿ.ಟಿ. ೧೦೦ ಈ ಅಳತೆಯನ್ನೇ ಇಟ್ಟುಕೊಂಡು, ಬೇಕಾದಾಗ ಸಾಲಿಗೆ ೧೩೨ ಅಕ್ಷರಗಳನ್ನು ತೋರಿಸುವ ಶಕ್ತಿಯನ್ನೂ ಪಡೆಯಿತು. ಅಗಲವಾದ ಕಾಗದದ ಮೇಲೆ ಅಚ್ಚಾಗುವ ಲೆಕ್ಕಪಟ್ಟಿಗಳು ಸಾಲಿಗೆ ೧೩೨ ಅಕ್ಷರಗಳಾಗಿರುತ್ತಿದ್ದುದರಿಂದ ಇದು ಬಹಳ ಉಪಯುಕ್ತವಾಯಿತು. ಆದರೆ ಹೆಚ್ಚಿನ ಸ್ಮರಣಫಲಕವನ್ನು ಬೇರೆಯಾಗಿ ಕೊಂಡು ಸೇರಿಸದ ಹೊರತು, ಅಗಲ ಮಾಡಿದಾಗ ೧೪ ಸಾಲುಗಳು ಮಾತ್ರ ದೊರೆಯುತ್ತಿದ್ದವು. ಗುಣಿಸಿ ನೋಡಿದರೆ ಕಾರಣವು ಹೊಳೆಯುವುದು. ೮೦ನ್ನು ೨೪ರಿಂದ ಗುಣಿಸಿದರೆ ೧೯೨೦. ೧೩೨ನ್ನು ೧೪ರಿಂದ ಗುಣಿಸಿದರೆ ೧೮೪೮. ಅದೇ ೧೩೨ನ್ನು ೨೪ರಿಂದ ಗುಣಿಸಿದರೆ ೩೧೬೮ ಆಗುವುದು. ಅಷ್ಟನ್ನು ಜ್ಞಾಪಕದಲ್ಲಿಡಲು ಮೂಲ ಯಂತ್ರದಲ್ಲಿ ಸ್ಥಳವಿರಲಿಲ್ಲ.

ಈ ೧೯೨೦ ಎಂಬ ಅಂಕಿಯನ್ನು ನೆನಪಿನಲ್ಲಿಡಿರಿ. ತಂತಿಯ ಮೇಲೆ ಒಂದು ಅಕ್ಷರವು ಹೋಗಬೇಕಾದರೆ ಸಾಮಾನ್ಯವಾಗಿ ೧೦ ವಿದ್ಯುತ್ ಸಂಜ್ಞೆಗಳು ಬೇಕು. ವಿ.ಟಿ. ೧೦೦ ಸೆಕೆಂಡಿಗೆ ೫೦ ಸಂಜ್ಞೆಗಳಿಂದ ಮೊದಲುಗೊಂಡು ೧೯೨೦೦ ಸಂಜ್ಞೆಗಳ ವರೆಗೆ ನಾನಾ ವೇಗಗಳನ್ನು ಒಪ್ಪಿಕೊಳ್ಳುತ್ತಿತ್ತು. ಅತ್ಯಂತ ಹೆಚ್ಚಿನ ವೇಗದಲ್ಲಿ ಒಂದು ಸೆಕೆಂಡಿಗೆ ೧೯೨೦ ಅಕ್ಷರಗಳು, ಅಂದರೆ ಸರಿಯಾಗಿ ತುಂಬು ತೆರೆಯಷ್ಟು ಅಕ್ಷರಗಳು, ತಂತಿಯಲ್ಲಿ ಬರಬಲ್ಲವು. ದೂರವಾಣಿಯ ಮೂಲಕ ಸೆಕೆಂಡಿಗೆ ೩೦೦ ಸಂಜ್ಞೆಗಳ ವೇಗದಲ್ಲಿ ಅದೇ ತೆರೆಯು ತುಂಬಲು ೬೪ ಸೆಕೆಂಡು ಬೇಕು. ಹಳೆಯ ಟೆಲಿಟೈಪು ಅಷ್ಟನ್ನೇ ಅಚ್ಚುಮಾಡಲು ೩ ಮಿನಿಟು ೧೨ ಸೆಕೆಂಡು ತೆಗೆದುಕೊಳ್ಳುವುದು.

ಆದರೆ ಬರುವ ಅಕ್ಷರಗಳನ್ನೆಲ್ಲ ಅದೇ ವೇಗದಲ್ಲಿ ತೆರೆಯ ಮೇಲೆ ಇಡುವುದು ಯಂತ್ರಕ್ಕೆ ಸಾಧ್ಯವಾಗುತ್ತಿರಲಿಲ್ಲ. ಸಾಲುಗಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುವ ಏರ್ಪಾಡನ್ನು ಆರಿಸಿಕೊಂಡರಂತೂ ಸೆಕೆಂಡಿಗೆ ಹೆಚ್ಚೆಂದರೆ ೬ ಸಾಲುಗಳು ಮಾತ್ರ ಸರಿಯುವವು. ಆದಕಾರಣ ೬೪ ಅಕ್ಷರಗಳು ಹಿಡಿಸುವ ಒಂದು ಅಂಗಳವನ್ನು ಯಂತ್ರದೊಳಗೆ ಇಟ್ಟಿದ್ದರು. ಬಂದ ಅಕ್ಷರಗಳು ಅದರಲ್ಲಿ ತಮ್ಮ ಸರದಿಗಾಗಿ ಕಾದಿರುವವು. ೩೨ ಅಕ್ಷರಗಳು ಕೂಡಿದೊಡನೆ ಟರ್ಮಿನಲ್ಲು “ನಿಲ್ಲಿಸು” ಎಂಬ ಸಂಕೇತವನ್ನು ಆಚೆಗೆ ಕಳುಹಿಸುವುದು. ೧೬ಕ್ಕೆ ಇಳಿದಾಗ “ಕಳುಹಿಸು” ಎನ್ನುವುದು. ಆಚೆಯವನು ಈ ಮಾತನ್ನು ಕೇಳದೆ ಹೋದರೆ ಅಂಗಳವು ತುಂಬಿ ಅಕ್ಷರಗಳು ನಷ್ಟವಾಗುವವು. ಆಗ ಚದುರಂಗದ ಮಣೆಯಂಥ ಒಂದು ಚೌಕಳಿ ಗುರುತು ತೆರೆಯ ಮೇಲೆ ಕಾಣಿಸಿಕೊಳ್ಳುವುದು. ಇಲ್ಲಿಂದಲೇ ನಮ್ಮ ಮುಖ್ಯ ವಿಷಯವು ಆರಂಭವಾಗುತ್ತದೆನ್ನಬಹುದು. ಈ ಯಂತ್ರವು ಕಳೆದುಹೋದುದನ್ನು ಮುಚ್ಚಿಡದೆ, ಇಲ್ಲಿ ನಷ್ಟವಾಗಿದೆ ಎಂದು ಗುರುತು ಹಾಕಿ ತೋರಿಸುತ್ತಿತ್ತು.

ಯಂತ್ರದ ಒಳಗೆ ಇಂಟೆಲ್ ೮೦೮೦ ಎಂಬ ಒಂದು ಚಿಕ್ಕ ಸಂಸ್ಕಾರಕವಿದ್ದಿತು. ಹಳೆಯ ಟರ್ಮಿನಲ್ಲುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವು ಇದೇ. ಈ ಸಂಸ್ಕಾರಕಕ್ಕೆ ಬೇಕಾದ ವಿಧಿಗಳು ಅಳಿಸಲಾರದ ನಾಲ್ಕು ಸ್ಮರಣಬಿಲ್ಲೆಗಳಲ್ಲಿ ಬರೆಯಲ್ಪಟ್ಟಿದ್ದವು. ಬಳಕೆಯವರ ಇಷ್ಟಾನಿಷ್ಟಗಳನ್ನು ಬರೆದಿಡಲು, ವಿದ್ಯುತ್ತು ನಿಂತರೂ ಮರೆಯದ ಬೇರೊಂದು ಬಿಲ್ಲೆಯಿತ್ತು. ಅದರಲ್ಲಿ ೧೪೦೦ ಗುರುತುಗಳು ಮಾತ್ರ ಹಿಡಿಸುತ್ತಿದ್ದವು, ಅಂದರೆ ಒಂದು ಸಣ್ಣ ಚೀಟಿಯಷ್ಟು ಜ್ಞಾಪಕ. ಆ ಕಾಲದ ಅನೇಕ ಯಂತ್ರಗಳಲ್ಲಿ ವೇಗ ಮೊದಲಾದವುಗಳನ್ನು ಬದಲಾಯಿಸಲು ಪೆಟ್ಟಿಗೆಯ ಹಿಂದಕ್ಕೋ ಒಳಕ್ಕೋ ಕೈಹಾಕಿ ಸಣ್ಣ ಗುಂಡಿಗಳನ್ನು ತಳ್ಳಬೇಕಾಗಿತ್ತು. ಇಲ್ಲಿಯಾದರೋ ಕೀಲಿಮಣೆಯಲ್ಲಿ “ಸೆಟ್-ಅಪ್” ಎಂಬ ಒಂದು ಕೀಲಿಯನ್ನು ಒತ್ತಿದರೆ ಸಾಕು. ಬೇಕಾದುದೆಲ್ಲ ತೆರೆಯ ಮೇಲೆಯೇ ಬರುವುದು.

ಸೆಟ್-ಅಪ್ಪಿನಲ್ಲಿ ಎರಡು ಪುಟಗಳುಂಟು. ೫ ಎಂಬ ಕೀಲಿಯಿಂದ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಮೊದಲನೆಯದರಲ್ಲಿ ಸಾಲಿನ ನಿಲುಗಡೆಗಳನ್ನು ಗೊತ್ತುಮಾಡುವರು. ೯ನ್ನು ಒತ್ತಿದರೆ ಸಾಲು ೮೦ರಿಂದ ೧೩೨ಕ್ಕೆ ಬದಲಾಗುವುದು. ಎರಡನೆಯದರಲ್ಲಿ ನಾಲ್ಕು ಗುಂಪುಗಳು, ಗುಂಪಿಗೆ ನಾಲ್ಕರಂತೆ ಸೊನ್ನೆ ಅಥವಾ ಒಂದು. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರವೋ ಬಿಳಿಯ ನೆಲದ ಮೇಲೆ ಕಪ್ಪು ಅಕ್ಷರವೋ; ಕೀಲಿಯನ್ನು ಒತ್ತಿದಾಗ ಟಿಕ್ಕೆಂಬ ಸದ್ದು ಬೇಕೋ ಬೇಡವೋ; ಸಾಲಿನ ಕೊನೆ ಸಮೀಪಿಸಿದಾಗ ಘಂಟೆಯಾಗಬೇಕೋ; ೩ರ ಕೀಲಿಯ ಮೇಲ್ಭಾಗದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆಯು ಬರಬೇಕೋ; ಇವೆಲ್ಲ ಅಲ್ಲಿಯೇ ನಿರ್ಧಾರವಾಗುವವು. ನಾಲ್ಕನೆಯ ಗುಂಪಿನ ಕಡೆಯ ಸ್ಥಾನವು ವಿದ್ಯುತ್ತಿನ ಆವೃತ್ತಿಗೆ ಸಂಬಂಧಪಟ್ಟುದು. ಅಮೇರಿಕೆಯ ೬೦ ಆವೃತ್ತಿಗೆ ಸೊನ್ನೆ. ನಮ್ಮ ದೇಶದಲ್ಲಿಯೂ ಯುರೋಪಿನಲ್ಲಿಯೂ ಇರುವ ೫೦ ಆವೃತ್ತಿಗೆ ಒಂದು. ಎಲ್ಲವನ್ನೂ ಸರಿಪಡಿಸಿದ ಮೇಲೆ ಶಿಫ್ಟ್ ಕೀಲಿಯೊಡನೆ “ಎಸ್” ಅಕ್ಷರವನ್ನು ಒತ್ತಿದರೆ ಅದು ಆ ಚಿಕ್ಕ ಬಿಲ್ಲೆಯಲ್ಲಿ ಸೇರಿ ಉಳಿಯುವುದು. ಇದನ್ನು ಒತ್ತಲು ಮರೆತವರು ಮರುದಿನ ಬೆಳಿಗ್ಗೆ ತಮ್ಮ ಶ್ರಮವೆಲ್ಲ ಹೋಯಿತೆಂದು ಪೇಚಾಡುವುದುಂಟು.

ಇನ್ನು ಪರೀಕ್ಷೆಯ ವಿಚಾರ. ಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟೊಡನೆ ಅದು ಕೆಲಸಕ್ಕೆ ನಿಲ್ಲುವುದಿಲ್ಲ. ಮೊದಲು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು. ಇದರಲ್ಲಿ ಒಂದು ದೊಡ್ಡ ತೊಡಕು ಇರುವುದನ್ನು ವಿದ್ಯಾರ್ಥಿನಿಯರು ಗಮನಿಸಬೇಕು. ಪರೀಕ್ಷೆ ಮಾಡುವವನೂ ಪರೀಕ್ಷೆಗೆ ಒಳಗಾಗುವವನೂ ಒಬ್ಬನೇ. ಪರೀಕ್ಷೆಯ ವಿಧಿಗಳು ಬರೆದಿರುವ ಬಿಲ್ಲೆಯೇ ಕೆಟ್ಟಿದ್ದರೆ ಆ ಪರೀಕ್ಷೆಯ ಮಾತನ್ನು ನಂಬುವುದು ಹೇಗೆ? ತೆರೆಯ ಮೇಲೆ ಕಾಣಬೇಕಾದುದನ್ನು ಹಿಡಿದಿಡುವ ಸ್ಮರಣವೇ ಕೆಟ್ಟಿದ್ದರೆ ಆ ಸಂಗತಿಯನ್ನು ತೆರೆಯ ಮೇಲೆ ಬರೆಯುವುದು ಹೇಗೆ? ಯಂತ್ರವನ್ನು ರಚಿಸಿದವರು ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರವು ನಮಗೆ ಬಹಳ ಮೆಚ್ಚಿಗೆಯಾಗಿದೆ. ಅವರು ದೋಷಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. ಯಾವುದರಿಂದ ಯಂತ್ರವು ನಡೆಯಲಾರದೋ ಅದು ಮಾರಕ ದೋಷ. ಯಾವುದು ಇದ್ದರೂ ಹೇಗೋ ನಡೆಯಬಹುದೋ ಅದು ಅಮಾರಕ. ಎರಡಕ್ಕೂ ಬೇರೆ ಬೇರೆ ಬಾಯಿಗಳನ್ನು ಕೊಟ್ಟರು.

ಮೊದಲು ನೋಡುವುದು ವಿಧಿಗಳ ಬಿಲ್ಲೆಗಳನ್ನು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ಪುಟದ ಕೆಳಗೆ ಮೊತ್ತವನ್ನು ಬರೆಯುವರಷ್ಟೆ. ಪುಟದಲ್ಲಿ ಯಾವ ಅಂಕಿಯಾದರೂ ಅಳಿಸಿಹೋಗಿದ್ದರೆ, ಮತ್ತೆ ಕೂಡಿದಾಗ ಮೊತ್ತವು ತಾಳೆಯಾಗುವುದಿಲ್ಲ. ಅದೇ ರೀತಿಯಾಗಿ ಪ್ರತಿಯೊಂದು ಬಿಲ್ಲೆಯಲ್ಲಿಯೂ ತಾಳೆ ನೋಡುವ ಒಂದು ಅಂಕಿಯನ್ನು ಇಟ್ಟಿರುವರು. ಬಳಿಕ ಬರೆದು ಅಳಿಸುವ ಸ್ಮರಣದಲ್ಲಿ ಗೊತ್ತಾದ ಗುರುತುಗಳನ್ನು ಬರೆದು, ಬರೆದದ್ದೇ ಹಿಂದಕ್ಕೆ ಬರುವುದೋ ಎಂದು ಓದಿ ನೋಡುವುದು. ಇವುಗಳಲ್ಲಿ ಯಾವುದಾದರೂ ತಪ್ಪಿದರೆ ಯಂತ್ರವು ಅಲ್ಲಿಯೇ ನಿಂತುಬಿಡುವುದು. ಆಗ ತೆರೆಯನ್ನು ನಂಬುವಂತಿಲ್ಲ. ಆದುದರಿಂದ ಕೀಲಿಮಣೆಯ ಮೇಲಿರುವ ಎಲ್-೧ ರಿಂದ ಎಲ್-೪ ರ ವರೆಗಿನ ನಾಲ್ಕು ಸಣ್ಣ ಕೆಂಪು ದೀಪಗಳ ಮೂಲಕ ಅದು ಮಾತಾಡುವುದು. ಕಡೆಯ ದೀಪವೊಂದೇ ಉರಿದರೆ ಮೊದಲನೆಯ ಬಿಲ್ಲೆ. ಅದರ ಪಕ್ಕದ್ದು ಉರಿದರೆ ಎರಡನೆಯದು. ಎರಡೂ ಉರಿದರೆ ಮೂರನೆಯದು. ಹೀಗೆ ಐದರ ವರೆಗೆ ಎಣಿಕೆ. ಐದು ಎಂಬುದು ಮುಖ್ಯ ಸ್ಮರಣದ ಕೇಡು. ಕೀಲಿಮಣೆಯು ಬೇರೆಯಾಗಿ ಸುರುಳಿ ತಂತಿಯಿಂದ ಸೇರಿಸಲ್ಪಟ್ಟಿದ್ದುದರಿಂದ, ಅದನ್ನು ಕಳಚಿಟ್ಟಿದ್ದರೆ ಈ ದೀಪಗಳ ಮಾತು ಯಾರಿಗೂ ಕಾಣಿಸದು. ಸಂಸ್ಕಾರಕವೇ ಸತ್ತಿದ್ದರಂತೂ ಯಾವ ಬಾಯಿಯಿಂದಲೂ ಮಾತಿಲ್ಲ. ಮೌನವೇ ಅದರ ಲಕ್ಷಣ.

ಮಾರಕ ದೋಷಗಳಿಲ್ಲದಿದ್ದರೆ ಎರಡನೆಯ ವರ್ಗದ ಪರೀಕ್ಷೆಗಳು ನಡೆಯುವವು. ಮರೆಯದ ಬಿಲ್ಲೆಯಲ್ಲಿರುವುದು ತಾಳೆಯಾಗುವುದೋ, ಕೀಲಿಮಣೆಗೆ ಕರೆ ಹೋದಾಗ ಉತ್ತರ ಬರುವುದೋ, ಹೆಚ್ಚಾಗಿ ಸೇರಿಸಿದ ಸ್ಮರಣಫಲಕವು ಸರಿಯಾಗಿದೆಯೋ ಎಂದು ನೋಡುವುದು. ತಪ್ಪು ಕಂಡರೆ ತೆರೆಯ ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದೇ ಒಂದು ಅಕ್ಷರವನ್ನು ಬರೆಯುವುದು. ಈ ಒಂದೇ ಅಕ್ಷರದಿಂದ ಅನೇಕ ದೋಷಗಳನ್ನು ಹೇಳುವ ಉಪಾಯವು ಸ್ವಾರಸ್ಯಕರವಾಗಿದೆ. ಹೆಚ್ಚಿನ ಫಲಕಕ್ಕೆ ೧, ಮರೆಯದ ಬಿಲ್ಲೆಗೆ ೨, ಕೀಲಿಮಣೆಗೆ ೪, ತಂತಿಯ ಕಡೆಯ ಮಾರ್ಗಕ್ಕೆ ೮ ಎಂದು ತೂಕಗಳನ್ನು ಕೊಟ್ಟಿರುವರು. ತಕ್ಕಡಿಯ ಕಲ್ಲುಗಳಂತೆ ಇವುಗಳನ್ನು ಹೇಗೆ ಕೂಡಿದರೂ ಬೇರೆ ಬೇರೆ ಮೊತ್ತವೇ ಬರುವುದು. ಎರಡು ಜೊತೆಗಳಿಗೆ ಒಂದೇ ಮೊತ್ತವು ಎಂದಿಗೂ ಬಾರದು. ತೆರೆಯ ಮೇಲೆ ೬ ಕಂಡರೆ ಅದು ೨ ಮತ್ತು ೪, ಅಂದರೆ ಬಿಲ್ಲೆಯೂ ಕೀಲಿಮಣೆಯೂ ಕೆಟ್ಟಿವೆಯೆಂದು ಸಂಶಯವಿಲ್ಲದೆ ತಿಳಿಯಬಹುದು. ಮೊತ್ತವು ೯ನ್ನು ದಾಟಿದರೆ ಒಂದೇ ಅಕ್ಷರದಲ್ಲಿ ಬರೆಯುವುದು ಹೇಗೆಂಬ ಸಂದೇಹವು ಹುಟ್ಟಬಹುದು. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಸೊನ್ನೆಯ ಸ್ಥಾನವು ೪೮ನೆಯದು. ೯ರ ಸ್ಥಾನವು ೫೭. ಅದರ ಮುಂದೆ ೫೮ನೆಯದರಲ್ಲಿ ಒಂದರ ಮೇಲೊಂದಾಗಿ ಎರಡು ಚುಕ್ಕೆಗಳ ಚಿಹ್ನೆಯೂ, ಹಾಗೆಯೇ ಮುಂದುವರಿದು ೬೩ನೆಯದರಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇವೆ. ಯಂತ್ರವು ಮೊತ್ತವನ್ನು ೪೮ಕ್ಕೆ ಸೇರಿಸಿ, ಬಂದ ಸ್ಥಾನದಲ್ಲಿರುವ ಚಿಹ್ನೆಯನ್ನು ಬರೆಯುವುದು, ಅಷ್ಟೇ. ಎರಡು ಚುಕ್ಕೆಗಳು ಕಂಡರೆ ೧೦. ಅಂದರೆ ೮ ಮತ್ತು ೨. ಪ್ರಶ್ನಾರ್ಥಕ ಚಿಹ್ನೆ ಕಂಡರೆ ೧೫. ಆಗ ನಾಲ್ಕೂ ಕೆಟ್ಟಿವೆಯೆಂದು ಅರ್ಥ. ಅಲ್ಲಿ ಯಂತ್ರವು ನಮ್ಮನ್ನು ಪ್ರಶ್ನೆ ಕೇಳುತ್ತಿರುವುದೆಂದು ಭಾವಿಸಕೂಡದು.

ಮರೆಯದ ಬಿಲ್ಲೆಯು ಕೆಟ್ಟಾಗ ಯಂತ್ರವು ನಡೆಯುವ ರೀತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ಘಂಟೆಯನ್ನು ಹಲವು ಸಲ ಬಾರಿಸಿ ಎಚ್ಚರಿಸುವುದು. ಬಳಕೆಯವರ ಏರ್ಪಾಡುಗಳನ್ನು ನಂಬದೆ, ಕಾರ್ಖಾನೆಯವರು ಶಾಶ್ವತವಾಗಿ ಬರೆದಿಟ್ಟ ಏರ್ಪಾಡನ್ನು ತೆಗೆದುಕೊಂಡು ಕೆಲಸಕ್ಕೆ ಸಿದ್ಧವಾಗುವುದು. ವೇಗ ಮೊದಲಾದವುಗಳನ್ನು ಮತ್ತೆ ಸರಿಪಡಿಸಿದರೆ ಆ ದಿನದ ಕೆಲಸಕ್ಕೆ ಅಡ್ಡಿಯಿಲ್ಲ.

ತಂತಿಯ ಮಾರ್ಗದ ಪರೀಕ್ಷೆಯು ಯಂತ್ರವನ್ನು ಹೊತ್ತಿಸಿದಾಗ ತಾನಾಗಿ ನಡೆಯುವುದಿಲ್ಲ. ಯಾಕಂದರೆ ಅದಕ್ಕೆ ಹೊರಗೆ ಹೋದ ಅಕ್ಷರವನ್ನು ಹಿಂದಕ್ಕೆ ತಿರುಗಿಸುವ ವಿಶೇಷವಾದ ಕೊಂಡಿಯೊಂದನ್ನು ಯಂತ್ರದ ಹಿಂದೆ ಚುಚ್ಚಬೇಕು. ಬಾವಿಯೊಳಗೆ ಕೂಗಿ ಪ್ರತಿಧ್ವನಿಯನ್ನು ಆಲಿಸುವಂತೆ, ತಾನು ಕಳುಹಿಸಿದ ಅಕ್ಷರವೇ ತನಗೆ ಕೆಡದೆ ಬರುವುದೋ ಎಂದು ಯಂತ್ರವು ನೋಡುವುದು. ಇಂಥ ಪರೀಕ್ಷೆಗಳನ್ನು ಆರಂಭಿಸಲು ಎಸ್ಕೇಪ್ ಎಂಬ ಸಂಜ್ಞೆಯಿಂದ ಮೊದಲಾಗಿ “ವೈ” ಅಕ್ಷರದಿಂದ ಮುಗಿಯುವ ಒಂದು ಆಜ್ಞೆಯಿರುವುದು. ಅದರೊಳಗೂ ತೂಕದ ಕಲ್ಲುಗಳ ಕ್ರಮವೇ: ಆರಂಭದ ಪರೀಕ್ಷೆಗೆ ೧, ಪ್ರತಿಧ್ವನಿಯ ಪರೀಕ್ಷೆಗೆ ೨, ದೂರವಾಣಿಯ ಉಪಕರಣದೊಡನೆ ವ್ಯವಹರಿಸುವ ತಂತಿಗಳಿಗೆ ೪. ಇವುಗಳಿಗೆ ೮ನ್ನು ಸೇರಿಸಿದರೆ ದೋಷವು ಕಾಣುವ ತನಕ ಯಂತ್ರವು ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಲೇ ಇರುವುದು. ಗಳಿಗೆಗೊಮ್ಮೆ ಕಾಣಿಸಿಕೊಂಡು ರಿಪೇರಿಯವನು ಬಂದಾಗ ಅಡಗುವ ದೋಷವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಬಲೆಯಿಲ್ಲ. ರಾತ್ರಿಯೆಲ್ಲ ನಡೆಯಲು ಬಿಟ್ಟು ಬೆಳಿಗ್ಗೆ ಬಂದು ನೋಡಬಹುದು.

ತಂತಿಯ ಆಚೆಯ ಕಂಪ್ಯೂಟರು ಸಹ ಟರ್ಮಿನಲ್ಲಿನ ಕ್ಷೇಮವನ್ನು ವಿಚಾರಿಸಬಹುದು. ಎಸ್ಕೇಪ್, ಚೌಕ ಆವರಣ, ೫, ಬಳಿಕ “ಎನ್” ಅಕ್ಷರ, ಹೀಗೆ ಕಳುಹಿಸಿದರೆ ಟರ್ಮಿನಲ್ಲು ಅದೇ ರೂಪದಲ್ಲಿ ಉತ್ತರ ಕೊಡುವುದು. ೫ರ ಸ್ಥಾನದಲ್ಲಿ ೦ ಬಂದರೆ ಕ್ಷೇಮ. ೩ ಬಂದರೆ ಕೆಟ್ಟಿದೆ. ಕಣ್ಣಿಗೆ ಕಾಣದ ಊರಿನಲ್ಲಿರುವ ಯಂತ್ರದ ಯೋಗಕ್ಷೇಮವನ್ನು ಇದರಿಂದ ತಿಳಿಯಬಹುದಾಯಿತು.

ಇಷ್ಟೆಲ್ಲ ಇದ್ದರೂ ಒಂದು ಅಂಗವನ್ನು ಈ ಯಂತ್ರವು ಸ್ವತಃ ಪರೀಕ್ಷಿಸಲಾರದು. ಅದೇ ಅದರ ಮುಖವಾದ ಗಾಜಿನ ತೆರೆ. ತೆರೆಯ ಮೇಲೆ ಚಿತ್ರವು ವಕ್ರವಾಗಿದೆಯೋ ಮಸುಕಾಗಿದೆಯೋ ಎಂದು ನೋಡಲು ಅದಕ್ಕೆ ಕಣ್ಣಿಲ್ಲ. ಆ ಕೆಲಸವನ್ನು ಮನುಷ್ಯರೇ ಮಾಡಬೇಕು. ಅದಕ್ಕೆ ಸಹಾಯವಾಗಿ ಮತ್ತೊಂದು ಆಜ್ಞೆಯನ್ನು ಇಟ್ಟಿರುವರು. ಅದನ್ನು ಕೊಟ್ಟರೆ ತೆರೆಯ ಆದ್ಯಂತವೂ ಇಂಗ್ಲಿಷಿನ ದೊಡ್ಡ “ಇ” ಅಕ್ಷರವು ತುಂಬಿಕೊಳ್ಳುವುದು. ಬೇರೆ ಅಕ್ಷರವೇಕೆ ಬೇಡ? ಆ ಅಕ್ಷರದಲ್ಲಿ ನೆಟ್ಟಗಿನ ಒಂದು ಗೆರೆಯೂ ಅಡ್ಡ ಗೆರೆಗಳು ಮೇಲೆ, ನಡುವೆ, ಕೆಳಗೆ ಹೀಗೆ ಮೂರೂ ಇವೆ. ಸಾಲು ಸೊಟ್ಟಗಿದ್ದರೂ ಮೂಲೆಗಳು ಎಳೆದಂತಿದ್ದರೂ ಒಂದು ಬದಿ ಮಸುಕಾಗಿದ್ದರೂ ಕಣ್ಣಿಗೆ ಒಡನೆಯೇ ಬೀಳುವುದು.

ದೋಷವೇ ಇಲ್ಲದೆಯೂ ಯಂತ್ರವು ಕೆಟ್ಟಂತೆ ತೋರುವ ಸಂದರ್ಭಗಳುಂಟು. ಇದನ್ನು ಅರಿಯದೆ ಒಳ್ಳೆಯ ಯಂತ್ರವನ್ನು ಬಿಚ್ಚಿ ಹಾಳುಮಾಡಿದವರೂ, ಹುಡುಗಿಯ ಕೈತಪ್ಪಿನಿಂದಲೇ ಕೆಟ್ಟಿತೆಂದು ದೂರಿದವರೂ ಇದ್ದಾರೆ. ಆದುದರಿಂದ ಕ್ರಮವನ್ನು ಚೆನ್ನಾಗಿ ತಿಳಿಯಬೇಕು. ಸಾಮಾನ್ಯ ಏರ್ಪಾಡಿನಲ್ಲಿ, ನಾವು ಒತ್ತಿದ ಅಕ್ಷರವು ನೇರವಾಗಿ ತೆರೆಗೆ ಹೋಗುವುದಿಲ್ಲ. ಅದು ತಂತಿಯ ಮೂಲಕ ಕಂಪ್ಯೂಟರಿಗೆ ಹೋಗಿ, ಅದು ಹಿಂದಕ್ಕೆ ಕಳುಹಿಸಿದ ಮೇಲೆಯೇ ತೆರೆಯಲ್ಲಿ ಕಾಣುವುದು. ಹೀಗಿರುವಾಗ ಒತ್ತಿದ ಅಕ್ಷರವು ಕಾಣದಿದ್ದರೆ ತಪ್ಪು ಕೀಲಿಮಣೆಯದೋ, ತಂತಿಯದೋ, ಆಚೆಯ ಕಂಪ್ಯೂಟರಿನದೋ? ಸೆಟ್-ಅಪ್ಪಿನಲ್ಲಿ ೪ನ್ನು ಒತ್ತಿದರೆ ಟರ್ಮಿನಲ್ಲು ತಂತಿಯಿಂದ ಬೇರೆಯಾಗಿ ತನ್ನಷ್ಟಕ್ಕೆ ತಾನಿರುವುದು. “ಲೋಕಲ್” ಎಂಬ ದೀಪವು ಉರಿಯುವುದು. ಈಗ ಒತ್ತಿದ ಅಕ್ಷರಗಳು ತೆರೆಯ ಮೇಲೆ ಸರಿಯಾಗಿ ಮೂಡಿದರೆ ಕೀಲಿಮಣೆಗೂ ಸಂಸ್ಕಾರಕಕ್ಕೂ ತೆರೆಗೂ ದೋಷವಿಲ್ಲ. ತಪ್ಪನ್ನು ತಂತಿಯ ಕಡೆಗೋ ಏರ್ಪಾಡುಗಳಲ್ಲಿಯೋ ಹುಡುಕಬೇಕು. ಅಕ್ಷರಗಳ ಬದಲಾಗಿ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಎರಡು ಕಡೆಯ ವೇಗಗಳು ಹೊಂದಿವೆಯೋ ಎಂದು ಮೊದಲು ನೋಡುವುದು ಒಳ್ಳೆಯದು. ಆಜ್ಞೆಗಳೇ ಅಕ್ಷರಗಳಾಗಿ ತೆರೆಯ ಮೇಲೆ ಚೆಲ್ಲಿಕೊಂಡಿದ್ದರೆ, ಯಂತ್ರವು ತನ್ನ ಹಿಂದಿನ ವಿ.ಟಿ. ೫೨ರ ಭಾಷೆಯನ್ನು ಮಾತಾಡುವ ಸ್ಥಿತಿಯಲ್ಲಿರಬಹುದು. ಎರಡನೆಯ ಗುಂಪಿನಲ್ಲಿ ಒಂದು ಸೊನ್ನೆಯನ್ನು ಒಂದು ಮಾಡಿದರೆ ಸರಿಹೋಗುವುದು. ಇವುಗಳಲ್ಲಿ ಒಂದಕ್ಕೂ ತಿರುಪಿನ ಕೋಲು ಬೇಕಾಗಿಲ್ಲ.

ಈ ಯಂತ್ರದ ಭಾಷೆಯು ಅಮೇರಿಕೆಯಲ್ಲಿ ೧೯೭೯ರಲ್ಲಿ ಅಂಗೀಕೃತವಾದ ನಿಯಮಾವಳಿಯನ್ನು ಅನುಸರಿಸಿದ್ದರಿಂದಲೂ, ಯಂತ್ರವು ಬಹಳವಾಗಿ ಹರಡಿದ್ದರಿಂದಲೂ, ಬೇರೆ ಕಂಪೆನಿಗಳು ಅದನ್ನೇ ಅನುಕರಿಸಿದವು. ಇಂದಿನ ಕಂಪ್ಯೂಟರುಗಳಲ್ಲಿ ಟರ್ಮಿನಲ್ ಎಂಬ ಹೆಸರಿನಿಂದ ತೆರೆಯುವ ಕಪ್ಪು ಕಿಟಕಿಯು ಅದೇ ಎಸ್ಕೇಪ್ ಆಜ್ಞೆಗಳನ್ನು ಗ್ರಹಿಸುವುದು. ಅನುಕರಣವು ನಿಜವಾಗಿ ಸರಿಯಾಗಿದೆಯೋ ಎಂದು ನೋಡಲು ಸ್ವೀಡನ್ ದೇಶದ ಪೆರ್ ಲಿಂಡ್‌ಬರ್ಗ್ ಎಂಬವರು ೧೯೮೩ರಲ್ಲಿ ಒಂದು ಪರೀಕ್ಷಾಕ್ರಮವನ್ನು ಬರೆದರು. ಅದು ಇಂದಿಗೂ ಬಳಕೆಯಲ್ಲಿದೆ. ತೆರೆಯನ್ನೆಲ್ಲ “ಇ” ಅಕ್ಷರದಿಂದ ತುಂಬುವ ಪರೀಕ್ಷೆಯು ಅದರಲ್ಲಿಯೂ ಉಂಟು. ಸರಿಪಡಿಸಬೇಕಾದ ಗಾಜಿನ ನಳಿಗೆಯಿಲ್ಲದ ಕಿಟಕಿಯೂ ಆ ಆಜ್ಞೆಗೆ ವಿಧೇಯವಾಗಿ ತುಂಬಿಕೊಳ್ಳುವುದನ್ನು ನೋಡಿ ನಮಗೆ ನಗು ಬರುವುದುಂಟು.

ನಿಜವಾದ ವಿ.ಟಿ. ೧೦೦ ಈಗ ಸಂಗ್ರಹಕಾರರ ಬಳಿಯಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಮಾತ್ರ ದೊರೆಯುವುದು. ವರ್ಷಗಟ್ಟಲೆ ಮೂಲೆಯಲ್ಲಿದ್ದುದನ್ನು ಹೊತ್ತಿಸಿದಾಗ ಘಂಟೆ ಬಾರಿಸಿ ೨ ಎಂಬ ಅಂಕಿ ಬಂದರೆ ಹೆದರಬೇಕಾಗಿಲ್ಲ. ಮರೆಯದ ಬಿಲ್ಲೆಯೂ ಬಹುಕಾಲದ ಮೇಲೆ ಮರೆಯುವುದು, ಹೊಸದಾಗಿ ಬರೆದರೆ ಅನೇಕ ವೇಳೆ ಮತ್ತೆ ಹಿಡಿದುಕೊಳ್ಳುವುದು. ಇನ್ನೊಂದು ಕೇಡು ಮಾತ್ರ ಯಾವ ಅಂಕಿಯಿಂದಲೂ ತಿಳಿಯದು. ಚಿತ್ರನಳಿಗೆಗೂ ಅದರ ಮುಂದಿನ ರಕ್ಷಣೆಯ ಗಾಜಿಗೂ ನಡುವೆ ಇರುವ ಅಂಟು ಹಳಸಿ, ಅಂಚಿನಿಂದ ಒಳಕ್ಕೆ ಬಿಳಿಯ ಮಚ್ಚೆಗಳಾಗಿ ಹರಡುವುದು. ಇದಕ್ಕೆ ಸಂಗ್ರಹಕಾರರು ಕಣ್ಣಿನ ಪೊರೆಯೆಂದೇ ಹೆಸರಿಟ್ಟಿದ್ದಾರೆ. ಯಂತ್ರವು ತನ್ನ ಪರೀಕ್ಷೆಗಳನ್ನೆಲ್ಲ ಮುಗಿಸಿ, ದೋಷವಿಲ್ಲವೆಂದು ಆ ಪೊರೆಯ ಹಿಂದಿನಿಂದಲೇ ತೋರಿಸುತ್ತಿರುವುದು.